ಇಲ್ಲದ ಮನೆಯ ಮುದುಕಿ

ಇಲ್ಲದ್ದನ್ನು ಇದ್ದ ಹಾಗೆ ತೋರಿಸುವವರಿಗೆ ನಮ್ಮ ಕಾಲದಲ್ಲಿ ಬೇರೆ ಹೆಸರಿತ್ತು. ಅಂಥವರು ಓಣಿಗೆ ಬಂದರೆ ನಮ್ಮತ್ತೆ ಮೊದಲು ಕಟ್ಟೆಯ ಮೇಲೆ ಬೋರಲು ಹಾಕಿದ ತಾಮ್ರದ ಕೊಡ ಒಳಗೆ ತಂದಿಡುತ್ತಿದ್ದಳು. ಈಗ ಅದೇ ಕೆಲಸ ಕಲಿಯಲು ಮಕ್ಕಳನ್ನು ಹುಬ್ಬಳ್ಳಿಗೆ ಕಳಿಸಿ, ಹಾಸ್ಟೆಲ್ಲಿನಲ್ಲಿ ಇಟ್ಟು, ಕಲಿತು ಬಂದ ಮೇಲೆ ಓಣಿಗೆಲ್ಲ ಪೇಢೆ ಹಂಚುತ್ತೇವೆ. ಹಂಚಿದವಳು ನಾನೇ. ನನ್ನ ಮೊಮ್ಮಗಳು ಪೂರ್ಣಿಮಾ ಇನ್ನೂ ಕಟ್ಟಿ ಮುಗಿಯದ ಮನೆಯ ಒಳಗಿನ ಚಿತ್ರ ಮಾಡುತ್ತಾಳೆ. ಗೋಡೆಗೆ ಗಿಲಾವು ಆಗಿರುವುದಿಲ್ಲ, ಅವಳ ಚಿತ್ರದಲ್ಲಿ ಅದೇ ಗೋಡೆಗೆ ಗಡಿಯಾರ ನೇತಾಡುತ್ತಿರುತ್ತದೆ. ನಲ್ಲಿಗೆ ನೀರು ಬರುವುದು ಎಂದೋ ಏನೋ, ಚಿತ್ರದಲ್ಲಿ ಆಗಲೇ ನಿಂಬೆಹಣ್ಣು ತೊಳೆದು ಬುಟ್ಟಿಯಲ್ಲಿ ಇಟ್ಟಿರುತ್ತಾಳೆ. ನೋಡಿದವರು ಇದು ಫೋಟೋ ಅಂದುಕೊಳ್ಳಬೇಕು, ಅದೇ ಅವಳ ಹೆಚ್ಚುಗಾರಿಕೆ. ಆ ಹೆಚ್ಚುಗಾರಿಕೆಯಿಂದ ಬ್ಯಾಡಗಿಯಲ್ಲಿ ಒಂದು ಮದುವೆ ಮುರಿದು ಬೀಳುವುದರಲ್ಲಿತ್ತು. ಯಾರ ಕಾರಣದಿಂದ ಅಂತ ಕೇಳಿದರೆ ನಮ್ಮ ಮನೆಯಲ್ಲಿ ಎಲ್ಲರೂ ನನ್ನ ಕಡೆ ನೋಡುತ್ತಾರೆ. ನಾನು ಕಂಪ್ಯೂಟರಿನ ಕಡೆ ನೋಡುತ್ತೇನೆ.

ನಾವು ಇರುವುದು ರಾಣೆಬೆನ್ನೂರಿನಲ್ಲಿ. ಮಗ, ಸೊಸೆ ಗಿರಿಜಾ, ಪೂರ್ಣಿ, ನಾನು, ಮತ್ತೆ ಪಡಸಾಲೆಯಲ್ಲಿ ಮೊದಲು ಜೋಳದ ಚೀಲ ಇಡುತ್ತಿದ್ದ ಜಾಗದಲ್ಲಿ ಈಗ ಕೂತಿರುವ ಆ ಕಂಪ್ಯೂಟರು. ನಾನು ಅಕ್ಷರ ಕೂಡಿಸಿ ಓದುವವಳು. ನನಗೆ ತಿಳಿದದ್ದು ಒಂದು ಮಷಿನಿಗೆ ಒಂದು ಕೆಲಸ. ಗಿರಣಿ ಹಿಟ್ಟು ಬೀಸುತ್ತದೆ, ಇದು ಚಿತ್ರ ಬೀಸುತ್ತದೆ ಅಂದುಕೊಂಡಿದ್ದೆ. ಹಾಗಲ್ಲವಂತೆ. ಅದರೊಳಗೆ ಬೇರೆ ಬೇರೆ ಸಾಫ್ಟ್‌ವೇರ್ ಇರುತ್ತವಂತೆ. ಒಂದು ಬರೀ ಗೆರೆ ಎಳೆಯುತ್ತದೆ, ಹೊಲ ಅಳೆಯಲು ಬರುವ ಸರ್ವೇದವನ ಹಾಗೆ, ಮುಖದಲ್ಲಿ ನಗು ಇಲ್ಲ. ಇನ್ನೊಂದು ಆ ಗೆರೆಯ ಮೇಲೆ ಗೋಡೆ ಎಬ್ಬಿಸಿ ಕಪಾಟು ಕೂರಿಸುತ್ತದೆ. ಮತ್ತೊಂದು ಕಟ್ಟಿಗೆಗೆ ಕಟ್ಟಿಗೆಯ ಬಣ್ಣ, ಕಲ್ಲಿಗೆ ಕಲ್ಲಿನ ಹೊಳಪು ಕೊಟ್ಟು ಕಿಟಕಿಯಿಂದ ಬಿಸಿಲು ಬಿಡುತ್ತದೆ. ಕಡೆಯದು ಫೋಟೋ ತಿದ್ದುವಂಥದ್ದು. ಹೂವಿನ ಕುಂಡ, ಬೆಕ್ಕು, ಮನುಷ್ಯರು, ಯಾರು ಬೇಕೋ ಅವರನ್ನು ಎಲ್ಲಿಂದಲೋ ಕತ್ತರಿಸಿ ತಂದು ಅಂಟಿಸುತ್ತದೆ.

ತೊಂದರೆ ಏನೆಂದರೆ, ಒಂದು ಮಾಡಿದ್ದನ್ನು ಇನ್ನೊಂದು ಸುಮ್ಮನೆ ಒಪ್ಪಿಕೊಳ್ಳುವುದಿಲ್ಲ. ಇದು ನನಗೆ ಹೊಸದಲ್ಲ. ಮೂವರು ನೆಗೆಣ್ಣಿಯರ ಜೊತೆ ಒಂದೇ ಒಲೆಯಲ್ಲಿ ಬೇಯಿಸಿದವಳು ನಾನು. ಒಬ್ಬಳು ನಾದಿದ ಹಿಟ್ಟು ಇನ್ನೊಬ್ಬಳ ಕೈಗೆ ಹೋದರೆ, ಅವಳು ರೊಟ್ಟಿ ಬಡಿಯುವುದಕ್ಕೆ ಮೊದಲು "ಇದೇನು ಅಂಬಲಿ ಕಾಸೀಯೇನು?" ಅಂತ ಮೂಗು ಮುರಿಯಲೇಬೇಕು. ಈ ಸಾಫ್ಟ್‌ವೇರುಗಳೂ ಹಾಗೇ. ಗೋಡೆ ಎಬ್ಬಿಸುವವಳ ಹತ್ತಿರ ನೆಟ್ಟಗೆ ನಿಂತಿದ್ದ ಕುರ್ಚಿಗಳು ಬಣ್ಣ ಬಳಿಯುವವಳ ಹತ್ತಿರ ಹೋದ ಕೂಡಲೇ ಕಾಲು ಮೇಲೆ ಮಾಡಿ ಬಿದ್ದಿರುತ್ತವೆ. ಒಂದು ಸಲ ನಲ್ಲಿ ಹೋಗಿ ಮಾಳಿಗೆಗೆ ಹತ್ತಿತ್ತು. ಇನ್ನೊಂದು ಸಲ ಗ್ಯಾಸಿನ ಒಲೆ ಬಸ್ಸಿನಷ್ಟು ದೊಡ್ಡದಾಗಿ ಇಡೀ ಮನೆಯೇ ಅದರ ಕೆಳಗೆ ಕೂತಿತ್ತು.

"ಆಯಿ, ಎರಡಕ್ಕೂ ಅಳತಿ ಬ್ಯಾರೆ ಬ್ಯಾರೆ. ಅದು ಮಿಲಿಮೀಟರ್ ಅಂತೈತಿ, ಇದು ಇಂಚು ಅಂತೈತಿ," ಅಂದಳು ಪೂರ್ಣಿ.

"ಹಂಗಾರ ಇಬ್ಬರನ್ನೂ ಎದುರಾಬದುರು ಕುಂದರಿಸಿ ಬುದ್ಧಿ ಹೇಳು."

"ಹೇಳಾಕ ಇನ್ನೊಂದು ಸಾಫ್ಟ್‌ವೇರ್ ಬೇಕು."

ಇದೆಲ್ಲ ಮುಗಿದು ಕಡೆಗೆ 'ರೆಂಡರ್ ಹಾಕುವುದು' ಅಂತ ಒಂದಿದೆ. ಅಂದರೆ ಮಷಿನು ಎಲ್ಲವನ್ನೂ ಕೂಡಿಸಿ ನಿಜದ ಹಾಗೆ ಕಾಣುವ ಚಿತ್ರ ಹೊರಗೆ ತೆಗೆಯುವ ಹೊತ್ತು. ಹೆರಿಗೆಯಾಗುವ ಮನೆ ಕೂಡ ಅಷ್ಟು ಹೆದರಿರುವುದಿಲ್ಲ. "ರೆಂಡರ್ ಹಾಕೇನಿ, ಯಾರೂ ಮಿಕ್ಸರ್ ಹಚ್ಚಬ್ಯಾಡ್ರಿ, ಇಸ್ತ್ರಿ ಹಚ್ಚಬ್ಯಾಡ್ರಿ," ಅಂತ ಪೂರ್ಣಿ ಕೂಗುತ್ತಾಳೆ. ಹಿಂದೊಮ್ಮೆ ಗಿರಿಜಾ ಮರೆತು ಮಿಕ್ಸರ್ ತಿರುಗಿಸಿ, ಕರೆಂಟು ಹೋಗಿ, ಯಾರದೋ ಮಲಗುವ ಕೋಣೆ ಅರ್ಧಕ್ಕೇ ಸುಟ್ಟ ದೋಸೆಯ ಹಾಗೆ ಕರಿದಾಗಿ ನಿಂತಿತ್ತು. ಅವತ್ತಿನಿಂದ ರೆಂಡರ್ ಇದ್ದ ದಿನ ನಮಗೆ ಒರಳಿನ ಚಟ್ನಿ. ಗಿರಿಜಾ ಅರೆಯುತ್ತ ಅರೆಯುತ್ತ ಬೈಯುತ್ತಾಳೆ, ತಿನ್ನುವಾಗ ಒಂದು ರೊಟ್ಟಿ ಹೆಚ್ಚಿಗೆ ತಿನ್ನುತ್ತಾಳೆ. ನಾನು ಬೈಯುವುದಿಲ್ಲ. ಆ ಮಷಿನಿನ ಹಿಂದಿನಿಂದ ಬರುವ ಬಿಸಿಗಾಳಿಗೆ ನಾನು ಒಂದು ಮಳೆಗಾಲ ಪೂರ್ತಿ ಹಪ್ಪಳ ಒಣಗಿಸಿದ್ದೇನೆ.

ಈಗ ಬ್ಯಾಡಗಿಯ ಮಾತಿಗೆ ಬರುತ್ತೇನೆ. ಆವರೆಗೆ ಪೂರ್ಣಿ ಹುಬ್ಬಳ್ಳಿಯ ಒಂದು ಆಫೀಸಿನವರಿಗೆ ಮನೆಯಲ್ಲೇ ಕೂತು ಚಿತ್ರ ಮಾಡಿಕೊಡುತ್ತಿದ್ದಳು. ಕಣ್ಣು ಕೆಂಪಗೆ ಮಾಡಿಕೊಳ್ಳುವವಳು ಇವಳು, ಚಿತ್ರದ ಮೂಲೆಯಲ್ಲಿ ಹೆಸರು ಅವರದು. ಮೇಡ್ಲೇರಿಯ ರೈತರೊಬ್ಬರ ಮನೆಗೆ ಚಿತ್ರ ಮಾಡಿದಾಗಲೂ ಹಾಗೇ ಆಯಿತು. ಆ ಪುಣ್ಯಾತ್ಮರು ಬಾಗಿಲಲ್ಲಿ ತಮ್ಮ ಟ್ರ್ಯಾಕ್ಟರ್ ಇರಬೇಕು ಅಂದರೆ, ಆಫೀಸಿನವರು ಅದನ್ನು ತೆಗೆಸಿ ಕೆಂಪು ಕಾರು ಹಾಕಿಸಿದರು. ರೈತರು ಚಿತ್ರ ನೋಡಿ, "ಇದು ನಮ್ಮ ಮನಿ ಅಲ್ಲ, ಯಾರೋ ಡಾಕ್ಟರ್ ಮನಿ," ಅಂತ ವಾಪಸ್ ಕೊಟ್ಟರಂತೆ. ಬೈಗಳು ಮಾತ್ರ ಇವಳ ಹೆಸರಿಗೆ ಬಂತು. ಅವತ್ತೇ ಪೂರ್ಣಿ, ಇನ್ನು ನನ್ನ ಹೆಸರಿನಲ್ಲೇ ಕೆಲಸ ಹಿಡಿಯುತ್ತೇನೆ ಅಂದಳು. ಹಾಗೆ ಹಿಡಿದ ಮೊದಲ ಕೆಲಸ ಬ್ಯಾಡಗಿಯ ಶಾಂತಕ್ಕನದು. ಶಾಂತಕ್ಕನ ಗಂಡ ಮೆಣಸಿನಕಾಯಿ ದಲಾಲಿ ಅಂಗಡಿಯ ಸಾಹುಕಾರರು. ಹೊಸ ಮನೆ ಕಟ್ಟಿಸುತ್ತಿದ್ದರು, ಒಬ್ಬನೇ ಮಗ, ಅವನ ಮದುವೆ ಆ ಮನೆಯಿಂದಲೇ ಆಗಬೇಕು. ಅಡುಗೆಮನೆಯ ಚಿತ್ರ ಒಪ್ಪಿಗೆಯಾದರೆ ಇಡೀ ಮನೆಯ ಒಳಗಿನ ಕೆಲಸ ಪೂರ್ಣಿಗೆ. ಆಗದಿದ್ದರೆ ಮತ್ತೆ ಹುಬ್ಬಳ್ಳಿಯವರ ಮೂಲೆ.

ಪೂರ್ಣಿ ಎಲ್ಲ ಸಾಫ್ಟ್‌ವೇರ್ ನೆಗೆಣ್ಣಿಯರನ್ನೂ ಕೈಕಾಲು ಹಿಡಿದು ಒಂದು ಮಾಡಿ ಚಿತ್ರ ತೆಗೆದು ಕಳಿಸಿದಳು. ಶಾಂತಕ್ಕನ ಫೋನ್ ಬಂತು. ಆ ಹೆಂಗಸಿನ ದನಿ ಹೇಗೆಂದರೆ, ಫೋನು ಪೂರ್ಣಿಯ ಕಿವಿಯಲ್ಲಿದ್ದರೂ ನಾನು ಹಿತ್ತಲಲ್ಲಿ ಕೇಳಿಸಿಕೊಂಡೆ.

"ಪೂರ್ಣಿಮಾ, ಅಡಗಿಮನಿ ಭಾಳ ಚಂದ ಆಗೇತಿ. ಆದ್ರ ಒಳಗ ಚಡ್ಡಿ ಹಾಕ್ಕೊಂಡು ನಿಂತಾಳಲ್ಲ, ಆಕಿ ಯಾರವ್ವಾ? ನಮ್ಮ ಸಾಹುಕಾರ್ರು ಅಡಗಿಮನಿ ನೋಡೂದು ಬಿಟ್ಟು ಆಕಿನ್ನ ನೋಡಾಕತ್ತಾರ."

ಕಟ್ಟೆ ಎಷ್ಟು ಎತ್ತರ, ಕಪಾಟು ಕೈಗೆ ಎಟುಕುತ್ತದೋ ಇಲ್ಲವೋ ತಿಳಿಯಲು ಚಿತ್ರದಲ್ಲಿ ಯಾರಾದರೂ ಒಬ್ಬರು ಇರಬೇಕಂತೆ. ಸಾಫ್ಟ್‌ವೇರಿನಲ್ಲಿ ಸಿಗುವ ಮನುಷ್ಯರೆಲ್ಲ ಎಲ್ಲಿಯವರೋ, ಮೊಣಕಾಲು ಮುಚ್ಚುವ ಬಟ್ಟೆ ಒಬ್ಬರಿಗೂ ಇಲ್ಲ. ನಮ್ಮ ದೇಶದವರು ಅಂತ ಹುಡುಕಿದರೆ ಯೋಗ ಮಾಡುವವನೊಬ್ಬ ಸಿಕ್ಕ. ಅವನನ್ನು ಶಾಂತಕ್ಕನ ಅಡುಗೆಮನೆಯಲ್ಲಿ ಒಂಟಿಕಾಲಲ್ಲಿ ನಿಲ್ಲಿಸುವುದು ಹೇಗೆ? ಆಗ ನಾನು ಬಾಯಿ ಹಾಕಿದೆ. "ನಮ್ಮಂಥೋರನ್ನ ಹಾಕಬೇಕವ್ವಾ. ಸೀರಿ ಉಟ್ಟಾಕಿನ್ನ." ಪೂರ್ಣಿ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ಅಂಗಡಿಯಲ್ಲಿ ಬಟ್ಟೆ ನೋಡುವ ಹಾಗೆ.

ನಾನು ಆಗ ಮಣೆಯ ಮೇಲೆ ಕೂತು ಬೇಳೆ ಹಸನು ಮಾಡುತ್ತಿದ್ದೆ. "ಹಂಗ ಕುಂದ್ರು ಆಯಿ, ಅಲಗಾಡಬ್ಯಾಡ," ಅಂದಳು. ನಾನು ಅಲುಗಾಡಲಿಲ್ಲ. ಆದರೆ ಅವಳು ಫೋಟೋ ಹೊಡೆಯುವ ಹೊತ್ತಿಗೆ ಸರಿಯಾಗಿ ನೆರೆಮನೆಯ ಬೆಕ್ಕು ಬಂದು ಹಾಲಿನ ಪಾತ್ರೆಯ ತಟ್ಟೆ ಸರಿಸಿತು. ಮೈ ಅಲುಗಾಡಿಸಬೇಡ ಅಂದಿದ್ದಾಳೆ, ಆದ್ದರಿಂದ ನಾನು ಬರೀ ನೋಡಿದೆ. ಎಷ್ಟು ಬೈಗಳಿದ್ದವೋ ಅಷ್ಟನ್ನೂ ಕಣ್ಣಿಗೆ ತಂದು ನೋಡಿದೆ. ಬೆಕ್ಕು ಓಡಿಹೋಯಿತು, ನೋಟ ಫೋಟೋದಲ್ಲಿ ಉಳಿಯಿತು.

ಆಮೇಲೆ ನನ್ನನ್ನು ಕತ್ತರಿಸುವ ಕೆಲಸ. ಮೊದಲ ಸಲ ಕತ್ತರಿಸಿದಾಗ ನನ್ನ ಎಡಗಾಲಿನ ಪಾದ ರಾಣೆಬೆನ್ನೂರಿನಲ್ಲೇ ಉಳಿಯಿತು. ಅದನ್ನು ಕೂಡಿಸಿಕೊಂಡು ಅಡುಗೆಮನೆಗೆ ತಂದರೆ ನಾನು ಫ್ರಿಜ್ಜಿಗಿಂತ ದೊಡ್ಡವಳಾಗಿ ತಲೆ ಮಾಳಿಗೆಗೆ ತಾಗಿತು. ಸಣ್ಣ ಮಾಡಿದಳು; ಒಲೆಯ ಮೇಲಿನ ಚಾ ಪಾತ್ರೆಯ ಪಕ್ಕ ಗೊಂಬೆಯ ಹಾಗೆ ಕೂತೆ. ಅಳತೆ ಸರಿಹೋದ ಮೇಲೆ ನೋಡಿದರೆ ನಾನು ನೆಲದಿಂದ ಗೇಣು ಮೇಲೆ ತೇಲುತ್ತಿದ್ದೇನೆ, ಕೆಳಗೆ ನೆರಳೇ ಇಲ್ಲ. "ನೆರಳಿಲ್ಲದಾಕಿ ದೆವ್ವ. ನನಗ ನೆರಳು ಹಾಕು, ಇಲ್ಲಾಂದ್ರ ಮನಿಗೆ ಕಳಸು," ಅಂತ ಹಟ ಹಿಡಿದೆ. ಬಿಸಿಲು ಬಿಡುವ ಸಾಫ್ಟ್‌ವೇರಿಗೆ ನಾನು ಬಂದದ್ದು ಗೊತ್ತಿಲ್ಲವಂತೆ, ಅದು ನನಗೆ ನೆರಳು ಕೊಡುವುದಿಲ್ಲವಂತೆ. ಕಡೆಗೆ ಪೂರ್ಣಿ ತಾನೇ ಕೈಯಿಂದ ನೆರಳು ಬಳಿದಳು. ಮಧ್ಯಾಹ್ನ ಪೂರ್ತಿ ಹೋಯಿತು. ಮುಗಿದಾಗ ನಾನು ಆ ಅಡುಗೆಮನೆಯ ಗೋಡೆಗೆ ಒರಗಿ ಮಣೆ ಹಾಕಿಕೊಂಡು ಕೂತಿದ್ದೆ. ಹುಟ್ಟಿದಾಗಿನಿಂದ ಅಲ್ಲೇ ಇದ್ದವಳ ಹಾಗೆ. ನನಗೆ ಹಿಡಿಸಿತು. ಒಂದೇ ಮಾತು: ಬೆಕ್ಕಿಗೆ ಬಿಟ್ಟಿದ್ದ ನೋಟ ಈಗ ಸರಿಯಾಗಿ ಗ್ಯಾಸಿನ ಮುಂದೆ ಯಾರು ನಿಲ್ಲುತ್ತಾರೋ ಅವರ ಬೆನ್ನಿಗೆ ಬೀಳುತ್ತಿತ್ತು. ಅದನ್ನು ನಾವು ಇಬ್ಬರೂ ಗಮನಿಸಲಿಲ್ಲ.

ಶಾಂತಕ್ಕ ಗಮನಿಸಿದಳೋ ಇಲ್ಲವೋ, ಚಡ್ಡಿಯವಳು ಹೋದಳಲ್ಲ ಅನ್ನುವ ಸಮಾಧಾನದಲ್ಲಿ ಚಿತ್ರ ಒಪ್ಪಿದಳು. ಒಪ್ಪಿ ಸುಮ್ಮನೆ ಕೂರಲಿಲ್ಲ. ಮಗನಿಗೆ ಹಾವೇರಿಯ ಕಡೆಯ ಹುಡುಗಿಯನ್ನು ಗೊತ್ತು ಮಾಡುವ ಮಾತು ನಡೆದಿತ್ತು. ನಮ್ಮ ಕಡೆ ಹುಡುಗಿಯವರು ಹೂಂ ಅನ್ನುವ ಮೊದಲು ಹುಡುಗನ ಮನೆ ನೋಡಲು ಬರುತ್ತಾರೆ. ಚಾ ಕುಡಿಯುವ ನೆವದಲ್ಲಿ ಬಚ್ಚಲು, ಹಿತ್ತಲು, ಕಾಳಿನ ಡಬ್ಬಿ ಎಲ್ಲ ಕಣ್ಣಲ್ಲೇ ತೂಗುತ್ತಾರೆ. ಹಳೆಯ ಮನೆ ತೋರಿಸಲು ಶಾಂತಕ್ಕನಿಗೆ ನಾಚಿಕೆ, ಹೊಸ ಮನೆ ಇನ್ನೂ ಇಟ್ಟಿಗೆ. ಹುಡುಗಿಯ ತಾಯಿ ಕಸ್ತೂರೆವ್ವನ ಫೋನಿಗೆ ನನ್ನ ಚಿತ್ರ ಕಳಿಸಿ, "ನಮ್ಮ ಅಡಗಿಮನಿ ಹಿಂಗ ಐತ್ರಿ," ಅಂದುಬಿಟ್ಟಳು.

ಆ ಹೊತ್ತಿಗೆ ಶಾಂತಕ್ಕ ಹೇಳಿಟ್ಟಿದ್ದು ಏನು? ಮನೆಯಲ್ಲಿ ನಾವಿಬ್ಬರು ಗಂಡ ಹೆಂಡತಿ, ಒಬ್ಬ ಮಗ, ಅತ್ತೆ ಮಾವ ಸತ್ತು ಬಹಳ ದಿನ ಆಯಿತು, ಹಿರಿಯರು ಅಂತ ಯಾರೂ ಇಲ್ಲ. ಕಸ್ತೂರೆವ್ವ ಚಿತ್ರವನ್ನು ಬೆರಳಿನಿಂದ ದೊಡ್ಡದು ಮಾಡಿ ನೋಡಿದಳಂತೆ. ಕಪಾಟು ನೋಡಲಿಲ್ಲ, ಕಲ್ಲು ನೋಡಲಿಲ್ಲ. ನನ್ನನ್ನು ನೋಡಿದಳು.

"ಗೋಡಿಗೆ ಕುಂತಾಳಲ್ರಿ, ಆ ಅಜ್ಜಿ ಯಾರು?"

"ಆಕಿ ಯಾರೂ ಅಲ್ರಿ. ಕಂಪ್ಯೂಟರ್‌ನ್ಯಾಗ ಹಾಕ್ಯಾರ," ಅಂದಳು ಶಾಂತಕ್ಕ.

"ಹೇಳೂದಕ್ಕೂ ಒಂದು ಮಿತಿ ಬೇಕ್ರಿ. ಮನಿ ಚಂದ ಕಾಣಲಿ ಅಂತ ಇದ್ದ ಮುದುಕೀನ ತಗೀತಾರ. ಇಲ್ಲದ ಮುದುಕೀನ ಯಾರರ ತಂದು ಹಾಕ್ತಾರೇನು? ಮ್ಯಾಲ ಆಕಿ ಗ್ಯಾಸಿನ ಕಡೆ ಹೆಂಗ ನೋಡಾಕತ್ತಾಳ! ಅಲ್ಲಿ ನಾಳೆ ನಮ್ಮ ಹುಡುಗಿ ನಿಂದ್ರಬೇಕು."

ಮಾತಿನಲ್ಲಿ ತಪ್ಪೇನಿದೆ? ಆ ಜಾಗದಲ್ಲಿ ನಾನಿದ್ದರೂ ಅದನ್ನೇ ಕೇಳುತ್ತಿದ್ದೆ. ಶಾಂತಕ್ಕ ಆ ಫೋನ್ ಇಟ್ಟು ಪೂರ್ಣಿಗೆ ಫೋನ್ ಮಾಡಿದಳು. ಈ ಸಲ ಹಿತ್ತಲಿಗಷ್ಟೇ ಅಲ್ಲ, ಆಚೆ ಓಣಿಯವರಿಗೂ ಕೇಳಿಸಿತು. ಮೊದಲು ಆ ಮುದುಕಿಯನ್ನು ತೆಗೆ, ಸಂಬಂಧ ಉಳಿದರೆ ನಿನ್ನ ಕೆಲಸ, ಮುರಿದರೆ ನಾನು ಹುಬ್ಬಳ್ಳಿಯವರನ್ನೇ ಕರೆಸುತ್ತೇನೆ, ಅಂದಳು. ಪೂರ್ಣಿಯ ಮುಖ ಸಣ್ಣಗಾಯಿತು. ಆದರೂ ಗಾಬರಿಯಲ್ಲಿ ಸುಲಭದ ದಾರಿ ಹಿಡಿದಳು. ಒಂದು ಗುಂಡಿ ಒತ್ತಿದಳು. ನಾನು, ನನ್ನ ಮಣೆ, ಮಧ್ಯಾಹ್ನ ಪೂರ್ತಿ ಬಳಿದ ನನ್ನ ನೆರಳು, ಎಲ್ಲ ಮಾಯ. ನೆಲ ಲಕಲಕ ಹೊಳೆಯುತ್ತಿತ್ತು. ನನಗೆ ಬೇಜಾರೇನೂ ಆಗಲಿಲ್ಲ. ಇಷ್ಟು ಲಗೂನೇ ಆಗುವುದಾದರೆ ತರುವಾಗ ಅಷ್ಟು ಯಾಕೆ ಒದ್ದಾಡಿದಳು ಅನ್ನಿಸಿತು, ಅಷ್ಟೇ.

ಆ ಚಿತ್ರ ಹಾವೇರಿಗೆ ಹೋಯಿತು. ಮರುದಿನ ಉತ್ತರ ಬಂತು. ಕಸ್ತೂರೆವ್ವ ಹೇಳಿ ಕಳಿಸಿದ್ದು ಇಷ್ಟು: "ನಿನ್ನೆ ಇದ್ದ ಮುದುಕಿ ಇವತ್ತ ಎಲ್ಲಿಗೆ ಹೋದ್ಲು? ಕೇಳಿದ್ದಕ್ಕ ಹೊರಗ ಹಾಕಿದ್ರೇನು? ಇದ್ರ ಹೆಂಗೋ ಸಂಭಾಳಿಸಿಕೊಂಡು ಹೋಗಬಹುದಿತ್ತು. ಒಂದು ದಿನದಾಗ ವಯಸ್ಸಾದಾಕಿನ್ನ ಬೀದಿಗೆ ಹಾಕೋ ಮನಿಗೆ ನಾವು ಹುಡುಗಿ ಕೊಡಾಂಗಿಲ್ಲ."

ಇದನ್ನು ಕೇಳಿ ಗಿರಿಜಾ ಸೆರಗು ಬಾಯಿಗೆ ಹಿಡಿದು ಒಳಗೆ ಓಡಿದಳು. ಅಳಲು ಅಂದುಕೊಂಡೆ. ನಗಲು. ಪೂರ್ಣಿ ಮಾತ್ರ ನಗಲಿಲ್ಲ. ಕಂಪ್ಯೂಟರ್ ಮುಂದೆ ಕೂತು ಚಿತ್ರದ ಮೂಲೆಯಲ್ಲಿ ಸಣ್ಣಗೆ ಬರೆದಿದ್ದ ತನ್ನ ಹೆಸರನ್ನು ನೋಡುತ್ತಿದ್ದಳು. ನನಗೆ ಸಿಟ್ಟು ಬಂತು. "ಏಳವ್ವಾ," ಅಂದೆ. "ಮುದುಕಿ ಬೇಕಂದ್ರ ಮುದುಕೀನ ಕರಕೊಂಡು ಹೋಗೂಣು. ಬ್ಯಾಡಗಿ ಏನು ಲಂಡನ್ ಏನು? ಅವರೂ ಬರ್ಲಿ. ನಾನು ಯಾರು ಅಂತ ನಾನೇ ಹೇಳತೀನಿ." ಆಗ ಅದು ಬಹಳ ಒಳ್ಳೆಯ ಉಪಾಯ ಅಂತ ಎಲ್ಲರಿಗೂ ಅನ್ನಿಸಿತ್ತು.

ಕದರಮಂಡಲಗಿಯ ಮೇಲೆ ಹೋಗುವ ಬಸ್ಸು ಹಿಡಿದೆವು. ಅಲ್ಲಿ ಹನುಮಪ್ಪನ ಗುಡಿಯ ಕಡೆ ಬಸ್ಸಿನಿಂದಲೇ ಕೈ ಮುಗಿದು, ನೀನೂ ಬಾಯಿ ಮುಚ್ಚಿಕೊಂಡು ಕೆಲಸ ಮಾಡಿದವನಪ್ಪಾ, ನನಗೂ ಇವತ್ತೊಂದು ದಿನ ಬಾಯಿ ಮುಚ್ಚಿಸು ಅಂತ ಕೇಳಿಕೊಂಡೆ. ದಾರಿ ಉದ್ದಕ್ಕೂ ಪೂರ್ಣಿಯ ಪಾಠವೂ ಅದೇ. "ಆಯಿ, ಕೇಳಿದ್ದಕ್ಕ ಹೌದು, ಅಲ್ಲ, ಅಷ್ಟ ಅನ್ನು. ಕತಿ ಹೇಳಾಕ ಹೋಗಬ್ಯಾಡ." ನಾನು ಹೂಂ ಅಂದೆ.

ಹೊಸ ಮನೆ ಅಂದರೆ ನಾಲ್ಕು ಕಡೆ ಇಟ್ಟಿಗೆ, ಮೇಲೆ ಮಾಳಿಗೆ, ಕೆಳಗೆ ಮರಳು. ಮುದುಕಿಯನ್ನು ಕಣ್ಣಾರೆ ತೋರಿಸುತ್ತೇವೆ ಅಂತ ಶಾಂತಕ್ಕ ಹೇಳಿ ಕಳಿಸಿದ್ದಕ್ಕೆ ಹಾವೇರಿಯಿಂದ ಕಸ್ತೂರೆವ್ವ ಮಗಳ ಜೊತೆ ಬಂದಿದ್ದಳು. ಪೇಟೆಯಲ್ಲಿ ಮೆಣಸಿನಕಾಯಿ ಸುಗ್ಗಿ, ಬ್ಯಾಡಗಿಯವರು ಆರಾಮಾಗಿ ಉಸಿರಾಡುತ್ತಿದ್ದರು, ಹಾವೇರಿಯವರು ಸೀನುತ್ತಿದ್ದರು. ಕಸ್ತೂರೆವ್ವ ಸೀನಿನ ನಡುವೆ ನನ್ನ ಮುಖ ನೋಡಿದವಳೇ ಗುರುತು ಹಿಡಿದಳು.

"ಇದೇ ಮಾರಿ! ಅಜ್ಜಿ, ನಿಮ್ಮನ್ನ ಹೊರಗ ಹಾಕಿದ್ರೇನು?"

"ಒಳಗ ಇದ್ರಲ್ಲ ಹೊರಗ ಹಾಕೂದು? ನಾನು ರಾಣೆಬೆನ್ನೂರಾಕಿ. ಈ ಹುಡುಗಿ ಆಯಿ. ಇವರ ಮನಿ ಚಾ ಸೈತ ಕುಡದಿಲ್ಲ."

"ಮತ್ತ ಇವರಿಗೆ ನೀವು ಏನಾಗಬೇಕ್ರಿ?"

"ಏನೂ ಆಗಬೇಕಾಗಿಲ್ಲ."

ಅಲ್ಲಿಗೆ ಮುಗಿಯಬೇಕಿತ್ತು. ಶಾಂತಕ್ಕನ ಮುಖ ಅರಳಿತ್ತು, ಪೂರ್ಣಿ ಉಸಿರು ಬಿಟ್ಟಿದ್ದಳು. ಆದರೆ ಇಬ್ಬರು ಹೆಂಗಸರು ಎದುರಾದ ಮೇಲೆ ಅಷ್ಟಕ್ಕೇ ಬಿಟ್ಟರೆ ಅದು ಮರ್ಯಾದೆಯಲ್ಲ. ಕಸ್ತೂರೆವ್ವ ಮೂಗು ಒರೆಸಿಕೊಂಡು, "ನಿಮ್ಮ ತವರಮನಿ ಯಾವೂರ್ರಿ?" ಅಂದಳು. ತವರು ಯಾವುದು ಅಂತ ಕೇಳಿದಾಗ ಹೌದು ಅಂದರೂ ಉತ್ತರವಲ್ಲ, ಅಲ್ಲ ಅಂದರೂ ಉತ್ತರವಲ್ಲ.

"ಕರ್ಜಗಿ."

"ಕರ್ಜಗಿ ಯಾರ ಪೈಕಿ?"

"ಅಗಸಿ ಹತ್ರ ದೊಡ್ಡ ಬಾವಿ ಮನಿ," ಅಂದೆ. ಆ ಮನೆಯ ಹೆಸರು ಹೇಳುವಾಗ ಈಗಲೂ ನನ್ನ ದನಿ ಸ್ವಲ್ಪ ಏರುತ್ತದೆ.

ಅಲ್ಲಿಯವರೆಗೆ ಸಿಮೆಂಟ್ ಚೀಲಗಳಿಗೆ ಒರಗಿ ನಿಂತಿದ್ದ ಸಾಹುಕಾರರು ತಲೆ ಎತ್ತಿದರು. "ದೊಡ್ಡ ಬಾವಿ ಮನೀನ? ನಮ್ಮವ್ವನ ಅಜ್ಜಿ ಆ ಮನಿ ಮಗಳು."

ಪೂರ್ಣಿ ನನ್ನ ಸೆರಗು ಜಗ್ಗಿದಳು. ಶಾಂತಕ್ಕ ಗಂಡನ ಕಡೆ ಕಣ್ಣು ಬಿಟ್ಟಳು. ನನಗೂ ಸಾಹುಕಾರರಿಗೂ ಅದು ಕಾಣಲೇ ಇಲ್ಲ.

"ಹೆಸರೇನು?" ಅಂತ ನಾನೇ ಕೇಳಿದೆ.

"ಚನ್ನವ್ವ ಅಂತ."

"ಅಯ್ಯ ನಮ್ಮಪ್ಪಾ! ನಮ್ಮಜ್ಜನ ಅಕ್ಕ ಚನ್ನವ್ವ! ತಾಳಿ ಕಟ್ಟೂ ಮುಂದ ಅಟ್ಟ ಹತ್ತಿ ಕುಂತಿದ್ಲಂತ, ಬೆಲ್ಲ ಕೊಟ್ಟು ಇಳಿಸಿದ್ರಂತ!"

"ಹೌದ್ರಿ, ಅದೇ ಚನ್ನವ್ವ!"

ಕಸ್ತೂರೆವ್ವ ಬೆರಳ ಗೆಣ್ಣುಗಳ ಮೇಲೆ ಏನೋ ಲೆಕ್ಕ ಹಾಕುತ್ತಿದ್ದಳು. ಹಾಕಿ ಮುಗಿಸಿ, ಕೋರ್ಟಿನಲ್ಲಿ ಹೇಳುವ ಹಾಗೆ ಹೇಳಿದಳು: "ಅಂದ್ರ ಇವರು ಸಾಹುಕಾರ್ರ ಅವ್ವಗ ತಂಗಿ ಆಗಬೇಕು. ಸಾಹುಕಾರ್ರಿಗೆ ಸಣ್ಣವ್ವ. ಹುಡುಗಗ ಅಜ್ಜಿ."

ಸಾಹುಕಾರರಿಗೆ ತಾಯಿ ಸತ್ತ ಮೇಲೆ ಆ ಕಡೆಯ ಒಬ್ಬರೂ ಸಿಕ್ಕಿರಲಿಲ್ಲವಂತೆ. ಆ ದೊಡ್ಡ ಮನುಷ್ಯ ಮರಳಿನಲ್ಲಿ ಬಗ್ಗಿ, "ಸಣ್ಣವ್ವಾ!" ಅಂತ ನನ್ನ ಕಾಲು ಮುಟ್ಟಿದರು. ನಾನು ಅವರ ತಲೆಯ ಮೇಲೆ ಕೈ ಇಟ್ಟೆ. ಇಟ್ಟ ಮೇಲೆ ನೆನಪಾಯಿತು, ನಾನು ಬಂದದ್ದು ಇವರಿಗೆ ಏನೂ ಆಗಬೇಕಾಗಿಲ್ಲ ಅಂತ ಹೇಳಲು. ಶಾಂತಕ್ಕ ಹಣೆಗೆ ಕೈ ಹಚ್ಚಿಕೊಂಡು ಇಟ್ಟಿಗೆಯ ರಾಶಿಯ ಮೇಲೆ ಕೂತಳು.

"ಅಜ್ಜಿ ಇಲ್ಲ ಅಂದ್ರಿ, ಅಜ್ಜಿ ಅದಾಳ," ಅಂದಳು ಕಸ್ತೂರೆವ್ವ. "ಇನ್ನೂ ಏನೇನು ಅದಾವೋ ಯಾರಿಗೆ ಗೊತ್ತು. ನಡೀವಾ, ಬಸ್ಸಿಗೆ ಹೊತ್ತಾತು," ಅಂತ ಮಗಳ ಕೈ ಹಿಡಿದಳು.

ಆಗ ಪೂರ್ಣಿ ಮುಂದೆ ಬಂದಳು. ನನಗಂತೂ ಅವಳು ಅಳುತ್ತಾಳೆ ಅನ್ನಿಸಿತ್ತು. "ಅಕ್ಕಾರ, ಹೋಗೂಕಿಂತ ಮೊದಲ ಒಂದೇ ಕೆಲಸ. ಆ ಗೋಡಿಗೆ ಸ್ವಲ್ಪ ನಿಂದ್ರತೀರೇನ್ರಿ?" ಅಂದಳು. ಯಾಕೆ ಅಂತ ಕೇಳುವುದರೊಳಗೆ ಕಸ್ತೂರೆವ್ವನ ಫೋಟೋ ಹೊಡೆದಳು. ನೀರಿನ ಡ್ರಮ್ ಬೋರಲು ಹಾಕಿ ಚೀಲದಲ್ಲಿ ತಂದಿದ್ದ ಲ್ಯಾಪ್‌ಟಾಪ್ ಅದರ ಮೇಲೆ ಇಟ್ಟು ಕೂತಳು. ಕತ್ತರಿಸಿದಳು, ಎಳೆದು ತಂದಳು. ಮೊದಲು ಕಸ್ತೂರೆವ್ವನೂ ಫ್ರಿಜ್ಜಿಗಿಂತ ಎತ್ತರ ಬಂದಳು, ಆಮೇಲೆ ಇಳಿದಳು. ನೆರಳು ಬಳಿದಳು. ನನ್ನನ್ನು ಕೂರಿಸಲು ಮಧ್ಯಾಹ್ನ ಪೂರ್ತಿ ಹಿಡಿದಿತ್ತು. ಕಸ್ತೂರೆವ್ವ ಸಾಹುಕಾರರು ತರಿಸಿದ ಚಾ ಆರುವುದರೊಳಗೆ ಶಾಂತಕ್ಕನ ಅಡುಗೆಮನೆಯಲ್ಲಿ ನಿಂತಿದ್ದಳು. ಹೊಳೆಯುವ ಕಲ್ಲಿನ ಕಟ್ಟೆ, ಕಿಟಕಿಯಿಂದ ಬಿಸಿಲು, ನಡುವೆ ಮೂಗು ಕೆಂಪಗಾದ ಕಸ್ತೂರೆವ್ವ.

ಎಲ್ಲರೂ ಡ್ರಮ್ಮಿನ ಸುತ್ತ ಬಗ್ಗಿದೆವು. ಕಸ್ತೂರೆವ್ವ ಚಿತ್ರದ ಮೇಲೆ ಬೆರಳಿಟ್ಟಳು.

"ಇದು ನಾನ?"

"ನೀವೇ ರೀ. ನೀವು ಇಲ್ಲಿ ನಿಂತೀರಿ, ಅಲ್ಲೂ ನಿಂತೀರಿ. ಆಯಿನ್ನೂ ಹಿಂಗ ಹಾಕಿದ್ದೆ," ಅಂದಳು ಪೂರ್ಣಿ.

"ಖರೇ ಮನ್ಯಾಗ ನಿಂತಂಗ ಐತಲ್ಲವಾ." ಕಸ್ತೂರೆವ್ವ ಇನ್ನೂ ಹತ್ತಿರ ಬಗ್ಗಿದಳು. "ಈ ಸೀರಿ ಹಸರು ಮಾಡಾಕ ಬರತೈತೇನು?"

ಪೂರ್ಣಿ ಹಸಿರು ಮಾಡಿದಳು.

"ಸ್ವಲ್ಪ ತೆಳ್ಳಗ ಮಾಡಾಕ?"

ಅದನ್ನೂ ಮಾಡಿದಳು. ಇಲ್ಲದವರನ್ನೂ ಚಿತ್ರದಲ್ಲಿ ಹಾಕಬಹುದು ಅಂತ ಕಸ್ತೂರೆವ್ವನಿಗೆ ಈಗ ನಂಬಿಕೆ ಬಂತು. ನಾನು ಸಂಬಂಧದಿಂದ ಅಜ್ಜಿಯಾದರೂ ಇರುವುದು ರಾಣೆಬೆನ್ನೂರಿನಲ್ಲಿ ಅನ್ನುವುದನ್ನು ಮಾತ್ರ ನನ್ನ ಬಾಯಿಂದ ಮತ್ತೊಮ್ಮೆ ಹೇಳಿಸಿಕೊಂಡಳು. "ನನಗ ನನ್ನ ಮನಿ ಐತಿ, ನನ್ನ ಸೊಸಿ ಅದಾಳ. ಬೈಯಾಕ ಬ್ಯಾಡಗೀಗೆ ಯಾಕ ಬರ್ಲಿ?" ಅಂದೆ. ಅದು ಅವಳಿಗೆ ಸರಿ ಕಂಡಿತು. ಇಷ್ಟೆಲ್ಲದರ ನಡುವೆ ಮದುವೆಯಾಗುವ ಹುಡುಗಿ ಬಾಯಿ ಬಿಟ್ಟದ್ದು ಒಂದೇ ಸಲ. ಪೂರ್ಣಿಯ ಕಿವಿಯ ಹತ್ತಿರ ಬಗ್ಗಿ, ಮಿಕ್ಸರ್ ಪ್ಲಗ್ ಎಲ್ಲಿ ಬರುತ್ತದೆ ಅಂತ ಕೇಳಿದಳು. ಆ ಹುಡುಗಿ ಬಾಳುತ್ತಾಳೆ ಅಂತ ನಾನು ಅಲ್ಲೇ ತೀರ್ಮಾನ ಮಾಡಿದೆ.

ಸಂಬಂಧ ಕೂಡಿತು. ಕೆಲಸ ಪೂರ್ಣಿಗೇ ಬಂತು, ಮೂಲೆಯಲ್ಲಿ ಅವಳದೇ ಹೆಸರು. ಅಡುಗೆಮನೆಯ ಚಿತ್ರದಲ್ಲಿ ಕಸ್ತೂರೆವ್ವ ತೆಳ್ಳಗೆ, ಹಸಿರು ಸೀರೆಯಲ್ಲಿ ಉಳಿದಳು. ಆದರೆ ಆ ವಾರವೇ ಶಾಂತಕ್ಕನ ಫೋನ್ ಬಂತು. ಈ ಸಲ ದನಿ ಎಷ್ಟು ಮೆಲ್ಲಗಿತ್ತೆಂದರೆ ನಾನು ಹಿತ್ತಲು ಬಿಟ್ಟು ಪೂರ್ಣಿಯ ಭುಜಕ್ಕೆ ಬಂದು ನಿಲ್ಲಬೇಕಾಯಿತು.

"ಪೂರ್ಣಿಮಾ, ಆ ಬೀಗತೀನ ನಮ್ಮ ಅಡಗಿಮನಿಯಿಂದ ತಗೀವಾ. ಚಿತ್ರದಾಗ ನಿಂತಾಗಿಂದ ಆಕೀಗೆ ಮನಿ ತಂದಾ ಅನಿಸಿಬಿಟ್ಟೈತಿ. ನಿನ್ನೆ ಗ್ಯಾಸಿನ ಕಟ್ಟಿ ಎಡಕ್ಕ ಮಾಡ್ರಿ ಅಂದ್ಲು. ಇವತ್ತ ಕಪಾಟಿನ ಬಣ್ಣ ಮನಸಿಗೆ ಬರಲಿಲ್ಲ ಅಂದ್ಲು."

"ಹಂಗಾರ ಖಾಲಿ ಬಿಡ್ಲೇನ್ರಿ?"

"ಖಾಲಿ ಬ್ಯಾಡ. ಖಾಲಿ ಬಿಟ್ರ ಮತ್ತ ಬಂದು ನಿಂದ್ರತಾಳ. ನಿಮ್ಮ ಆಯಿನ್ನ ಹಾಕು. ಹೆಂಗೂ ನಮ್ಮವರ ಸಣ್ಣವ್ವ ಆದ್ಲಲ್ಲ."

ನಾನು ಉಬ್ಬಿಹೋದೆ. ಕರೆಯದೆ ಹೋದಾಗ ಹೊರಗೆ ಹಾಕಿದವರು ಈಗ ಬಾಯಿ ತುಂಬ ಕರೆಯುತ್ತಿದ್ದಾರೆ. ತಲೆಗೆ ಎಣ್ಣೆ ಹಚ್ಚಿ ಬಾಚಿಕೊಂಡೆ, ಇಳಕಲ್ ಸೀರೆ ಉಟ್ಟೆ, ಬೆಕ್ಕು ಬರದ ಹಾಗೆ ಬಾಗಿಲು ಹಾಕಿ, ಮಣೆಯ ಮೇಲೆ ನಗುತ್ತ ಕೂತು, "ತಗಿ ಫೋಟೋ," ಅಂದೆ.

"ಬ್ಯಾಡ ಆಯಿ," ಅಂದಳು ಪೂರ್ಣಿ. "ಶಾಂತಕ್ಕಾರಿಗೆ ಹಳೇ ಮಾರೀನ ಬೇಕಂತ. ಗ್ಯಾಸಿನ ಕಡೆ ಬ್ಯಾಡ, ಅದನ್ನ ಬಾಗಲಾ ಕಡೆ ತಿರಗಿಸಿ ಹಾಕು ಅಂದಾರ."

ತಿರುಗಿಸಿದಳು. ಮೂಗುತಿ ಇನ್ನೊಂದು ಹೊಳ್ಳೆಗೆ ಹೋಯಿತು, ಸೆರಗು ಇನ್ನೊಂದು ಹೆಗಲಿಗೆ. ನೋಟ ಮಾತ್ರ ಹಾಗೇ ಇದೆ, ಈಗ ಬಾಗಿಲಲ್ಲಿ ಯಾರು ಕಾಲಿಟ್ಟರೂ ಅವರ ಎದೆಗೇ ನಾಟುತ್ತದೆ. ಬಡಿಗೇರರು ನೋಡಿ ಕೆಲಸ ಮಾಡಲಿ ಅಂತ ಶಾಂತಕ್ಕ ಆ ಚಿತ್ರವನ್ನು ದೊಡ್ಡದು ಮಾಡಿಸಿ ಹೊಸ ಮನೆಯಲ್ಲಿ ಅಂಟಿಸಿದ್ದಾಳೆ. ಮೊನ್ನೆ ಪೂರ್ಣಿಯ ಜೊತೆ ಹೋದಾಗ ಬಾಗಿಲಲ್ಲಿ ನಿಂತು ನಾನೇ ನನ್ನನ್ನು ನೋಡಿದೆ. ಸಾಹುಕಾರರು "ಬಾ ಸಣ್ಣವ್ವಾ, ಒಳಗ ಬಾ," ಅಂತ ಕರೆದರೂ ಕಾಲು ಮುಂದೆ ಬರಲಿಲ್ಲ. ಕಸ್ತೂರೆವ್ವ ದೊಡ್ಡ ಮನಸ್ಸಿನವಳು. ಅಂಥ ಮುದುಕಿ ಕೂತಿರುವ ಮನೆಗೆ ನಾನಾಗಿದ್ದರೆ ಹುಡುಗಿ ಕೊಡುತ್ತಿರಲಿಲ್ಲ.